ಕಾರು ನಿಲ್ಲಿಸಿ ಬಸ್ ಹತ್ತಿ: ಗ್ರ್ಯಾಂಡ್ ಕ್ಯಾನ್ಯನ್, ಜಯಾನ್, ಬ್ರೈಸ್‌ನ ಫ್ರೀ ಶಟಲ್ ಮತ್ತು ನಮ್ಮ ನಡಿಗೆ

ಊರಿನಿಂದ ಅಪ್ಪ ಅಮ್ಮ ಬರುತ್ತಾರೆ ಅಂದ ಕೂಡಲೇ ಇಲ್ಲಿ ಅಮೆರಿಕದಲ್ಲಿರುವ ನಮ್ಮಂಥವರು ಮೊದಲು ಮಾಡುವ ಕೆಲಸ ರೋಡ್ ಟ್ರಿಪ್ ಪ್ಲಾನ್ ಹಾಕುವುದು. ನಾವೂ ಹಾಗೆಯೇ. ಮೊದಲ ಸಲ ಅವರು ಬಂದಾಗ ಆರು ದಿನದಲ್ಲಿ ಕ್ಯಾಲಿಫೋರ್ನಿಯಾದ ಅರ್ಧ ತೋರಿಸಿಬಿಡಬೇಕು ಅಂತ ಹೊರಟೆವು. ದಿನಕ್ಕೆ ಏಳೆಂಟು ಗಂಟೆ ಕಾರು. ಒಂದು ಕಡೆ ಇಳಿಯುವುದು, ಹತ್ತು ನಿಮಿಷ ನಿಂತು ಫೋಟೊ ತೆಗೆಯುವುದು, ಮತ್ತೆ ಸೀಟ್ ಬೆಲ್ಟ್ ಹಾಕುವುದು. ವಾಪಸ್ ಬಂದ ಮೇಲೆ ಅಮ್ಮ ಸೊಂಟ ಹಿಡಿದುಕೊಂಡು ಮೂರು ದಿನ ಮಲಗಿದ್ದಳು. ಏನೇನು ನೋಡಿದಿರಿ ಅಂತ ಊರಿಂದ ಯಾರಾದರೂ ಫೋನಿನಲ್ಲಿ ಕೇಳಿದರೆ "ರಸ್ತೆ ತುಂಬಾ ಚೆನ್ನಾಗಿದೆ" ಅನ್ನುತ್ತಿದ್ದಳು. ಅದನ್ನು ಕೇಳಿ ನನಗೆ ಬಹಳ ಬೇಜಾರಾಯಿತು.

ಅದಕ್ಕೇ 2024ರ ಅಕ್ಟೋಬರ್‌ನಲ್ಲಿ ಅವರು ಎರಡನೇ ಸಲ ಬಂದಾಗ ನಾನೂ ನನ್ನ ಗಂಡನೂ ಕೂತು ಪ್ಲಾನನ್ನೇ ಬದಲಾಯಿಸಿದೆವು. ದೊಡ್ಡ ಜಾಗ ಮೂರೇ ಮೂರು, ಮೂರೂ ನ್ಯಾಷನಲ್ ಪಾರ್ಕ್: ಅರಿಜೋನಾದ ಗ್ರ್ಯಾಂಡ್ ಕ್ಯಾನ್ಯನ್, ಯೂಟಾದ ಜಯಾನ್, ಬ್ರೈಸ್ ಕ್ಯಾನ್ಯನ್. ಒಂದೊಂದಕ್ಕೂ ಎರಡೆರಡು ರಾತ್ರಿ. ಜಾಗ ತಲುಪಿದ ಮೇಲೆ ಕಾರು ನಿಂತಲ್ಲೇ ನಿಂತಿರಬೇಕು, ನಾವು ಪಾರ್ಕ್‌ನ ಫ್ರೀ ಬಸ್ಸಿನಲ್ಲಿ ಓಡಾಡಬೇಕು, ಮಿಕ್ಕಿದ್ದೆಲ್ಲ ಕಾಲ್ನಡಿಗೆ. ಈ ಬರಹ ಆ ಬಸ್ಸುಗಳ ಬಗ್ಗೆ, ಆ ಸ್ಟಾಪುಗಳಿಂದ ಶುರುವಾಗುವ ನಡಿಗೆ ದಾರಿಗಳ ಬಗ್ಗೆ. ಈ ಜಾಗಗಳ ವಿಡಿಯೊ ಯೂಟ್ಯೂಬ್‌ನಲ್ಲಿ ಬೇಕಾದಷ್ಟಿವೆ. ಆದರೆ ಮಂಡಿನೋವಿರುವ ಅಮ್ಮನನ್ನೂ 67 ವರ್ಷದ ಅಪ್ಪನನ್ನೂ ಕರೆದುಕೊಂಡು ಹೋದರೆ ಹೇಗಿರುತ್ತದೆ ಅಂತ ಹೇಳುವವರು ಕಡಿಮೆ. ಈ ವರ್ಷ ಇಬ್ಬರು ಗೆಳತಿಯರು ಅದನ್ನೇ ಕೇಳಿದರು, ಅದಕ್ಕೆ ಕೂತು ಬರೆಯುತ್ತಿದ್ದೇನೆ.

ನಾವಿರುವುದು ಫೀನಿಕ್ಸ್ ಪಕ್ಕದ ಚಾಂಡ್ಲರ್‌ನಲ್ಲಿ. ಆಯುಧಪೂಜೆಯ ದಿನ ಕಾರಿಗೆ ಅರಿಶಿನ ಕುಂಕುಮ ಹಚ್ಚಿ, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಪೂಜೆ ಮಾಡಿ, ಮರುದಿನ ವಿಜಯದಶಮಿ ಬೆಳಿಗ್ಗೆ ಹೊರಟೆವು. ಹಿಂದಿನ ಸೀಟಿನಲ್ಲಿ ಅಮ್ಮನ ಪಕ್ಕ ಒಂದು ಪುಟ್ಟ ರೈಸ್ ಕುಕ್ಕರ್, ಚಟ್ನಿಪುಡಿ, ಗೊಜ್ಜವಲಕ್ಕಿ, ಎರಡು ದಿನಕ್ಕಾಗುವಷ್ಟು ಚಪಾತಿ. ಫೀನಿಕ್ಸ್ ಕಡೆ ಆ ವಾರ ಇನ್ನೂ ನೂರು ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಬಿಸಿಲು. ಅಲ್ಲಿಂದ ಐ-17 ಹೆದ್ದಾರಿ ಹಿಡಿದು ಉತ್ತರಕ್ಕೆ ಹೋದ ಹಾಗೆ ಕಳ್ಳಿ ಗಿಡಗಳು ಕಡಿಮೆಯಾಗಿ, ಫ್ಲ್ಯಾಗ್‌ಸ್ಟಾಫ್ ಹತ್ತಿರ ಬರುವಷ್ಟರಲ್ಲಿ ಎಲ್ಲಿ ನೋಡಿದರೂ ಪೈನ್ ಮರ. ಅಲ್ಲಿಯ ಎತ್ತರ ಸುಮಾರು 7000 ಅಡಿ. ಅಮ್ಮ ಸ್ವೆಟರ್ ಕೇಳಿದಳು. ಮನೆಯಿಂದ ಗ್ರ್ಯಾಂಡ್ ಕ್ಯಾನ್ಯನ್ನಿನ ದಕ್ಷಿಣದ ಅಂಚು, ಅಂದರೆ ಸೌತ್ ರಿಮ್‌ಗೆ ನಾಲ್ಕು ಗಂಟೆ ಹಿಡಿಯಿತು. ಇಡೀ ಸುತ್ತು ಸುಮಾರು ಸಾವಿರ ಮೈಲಿ, ಅದನ್ನು ಎಂಟು ದಿನಕ್ಕೆ ಹಂಚಿಕೊಂಡಿದ್ದೆವು.

ಸೌತ್ ರಿಮ್ ಗೇಟಿನಲ್ಲಿ ವಾರ್ಷಿಕ ಪಾಸ್ ತೆಗೆದುಕೊಂಡೆವು. ಆಗ ಅದು 80 ಡಾಲರ್. ಮೂರೂ ಪಾರ್ಕ್‌ಗಳಲ್ಲಿ ಒಂದು ಕಾರಿಗೆ ಏಳು ದಿನದ ಪ್ರವೇಶ ತಲಾ 35 ಡಾಲರ್ ಇತ್ತು, ಅಂದರೆ ಬಿಡಿ ಬಿಡಿಯಾಗಿ ಕೊಟ್ಟಿದ್ದರೆ 105. ಬಸ್ಸಿಗೆ ಅಂತ ಬೇರೆ ಟಿಕೆಟ್ ಇಲ್ಲ. ಮೂರೂ ಕಡೆ ಪೂರ್ತಿ ಫ್ರೀ, ಎಷ್ಟು ಸಲ ಬೇಕಾದರೂ ಹತ್ತಬಹುದು, ಇಳಿಯಬಹುದು.

ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ಬಸ್ ದಾರಿಗಳನ್ನು ಬಣ್ಣದಿಂದ ಗುರುತಿಸುತ್ತಾರೆ. ನೀಲಿ ದಾರಿ ವಿಲೇಜ್‌ ಒಳಗೆ ಸುತ್ತುತ್ತದೆ: ಲಾಡ್ಜ್, ಅಂಗಡಿ, ಪಾರ್ಕಿಂಗ್, ವಿಸಿಟರ್ ಸೆಂಟರ್. ಕಿತ್ತಳೆಯದ್ದು ಪೂರ್ವಕ್ಕೆ ಯಾಕಿ ಪಾಯಿಂಟ್ ಕಡೆ ಹೋಗುತ್ತದೆ. ಕೆಂಪು ದಾರಿ ಪಶ್ಚಿಮಕ್ಕೆ, ಹರ್ಮಿಟ್ ರೋಡ್ ಹಿಡಿದು 7 ಮೈಲಿ. ಮಾರ್ಚ್ 1ರಿಂದ ನವೆಂಬರ್ 30ರವರೆಗೆ ಆ ರಸ್ತೆಗೆ ಸ್ವಂತ ಕಾರು ಬಿಡುವುದೇ ಇಲ್ಲ. ಮೊದಲರ್ಧ ದಿನ ಯಾವ ಬಸ್ ಎಲ್ಲಿಗೆ ಅಂತ ತಲೆ ಕೆಡುತ್ತದೆ ನಿಜ. ವಿಸಿಟರ್ ಸೆಂಟರ್‌ನಲ್ಲಿ ಕೊಡುವ ಮ್ಯಾಪಿನ ಫೋಟೊ ತೆಗೆದಿಟ್ಟುಕೊಳ್ಳಿ, ಯಾಕೆಂದರೆ ಮೊಬೈಲ್ ಸಿಗ್ನಲ್ ನಂಬುವ ಹಾಗಿಲ್ಲ.

ಈ ಟ್ರಿಪ್ಪಿನ ಮುಖ್ಯ ವಿಷಯ ನನಗೆ ಹೊಳೆದದ್ದು ಆ ಕೆಂಪು ಬಸ್ಸಿನಲ್ಲಿ. ಕಾರಿನಲ್ಲಿ ಹೋದರೆ ಎಷ್ಟು ದೂರ ನಡೆದಿರುತ್ತೀರೋ ಅಷ್ಟೇ ದೂರ ವಾಪಸ್ ನಡೆಯಬೇಕು, ಕಾರು ಅಲ್ಲೇ ಇರುತ್ತದಲ್ಲ. ಅದಕ್ಕೇ ಅಮ್ಮನಂಥವರು ಮೊದಲೇ ಹೆದರಿ "ನೀವು ಹೋಗಿ ಬನ್ನಿ, ನಾನು ಕಾರಲ್ಲಿ ಕೂತಿರ್ತೀನಿ" ಅನ್ನುತ್ತಾರೆ. ಬಸ್ ಇದ್ದರೆ ನಡಿಗೆ ಬರೀ ಮುಂದಕ್ಕೆ. ಒಂದು ಸ್ಟಾಪಿನಲ್ಲಿ ಇಳಿದು, ಕಣಿವೆಯ ಅಂಚಿನ ರಿಮ್ ಟ್ರೇಲ್ ಹಿಡಿದು ಮುಂದಿನ ಸ್ಟಾಪಿನವರೆಗೆ ನಡೆಯುವುದು, ಸಾಕು ಅನ್ನಿಸಿದರೆ ಅಲ್ಲೇ ಬೆಂಚಿನ ಮೇಲೆ ಕೂತು ಬಸ್ ಹತ್ತುವುದು, ಇನ್ನೂ ಶಕ್ತಿ ಇದ್ದರೆ ಇನ್ನೊಂದು ಸ್ಟಾಪ್. ಇದನ್ನು ಅಮ್ಮನಿಗೆ ಬಿಡಿಸಿ ಹೇಳಿದ ಮೇಲೆ ಅವಳ ಮುಖವೇ ಬದಲಾಯಿತು. ಆ ದಿನ ಅವಳು ಒಟ್ಟು ಮೂರು ಮೈಲಿ ನಡೆದಳು, ನಾಲ್ಕು ತುಂಡು ಮಾಡಿಕೊಂಡು.

ಇಲ್ಲಿ ಎರಡು ವಿಷಯ ಮೊದಲೇ ಗೊತ್ತಿರಲಿ. ಕೆಂಪು ಬಸ್ ಹೋಗುವಾಗ ಎಲ್ಲ ಸ್ಟಾಪಿನಲ್ಲೂ ನಿಲ್ಲುತ್ತದೆ, ಬರುವಾಗ ಕೆಲವೇ ಕಡೆ ನಿಲ್ಲುತ್ತದೆ. ಸುಸ್ತಾದವರು ತಪ್ಪು ಸ್ಟಾಪಿನಲ್ಲಿ ಕಾದರೆ ಪಶ್ಚಿಮದ ಕೊನೆಯವರೆಗೂ ಹೋಗಿಯೇ ಬರಬೇಕು. ಎರಡನೆಯದು, ಅಂಚಿನ ದಾರಿಯಲ್ಲಿ ತುಂಬಾ ಕಡೆ ಬೇಲಿ ಇಲ್ಲ. ಮಕ್ಕಳಿದ್ದರೆ ಕೈ ಬಿಡಬೇಡಿ. ನಡೆಯಲು ನೆಲ ಸಮವಾಗಿರಬೇಕು ಅನ್ನುವವರಿಗೆ ಮಾನ್ಯುಮೆಂಟ್ ಕ್ರೀಕ್ ವಿಸ್ಟಾದಿಂದ ಕೊನೆಯ ಸ್ಟಾಪ್ ಹರ್ಮಿಟ್ಸ್ ರೆಸ್ಟ್‌ವರೆಗಿನ 2.8 ಮೈಲಿ ತುಂಬಾ ಒಳ್ಳೆಯದು, ಡಾಂಬರು ಹಾಕಿದ ದಾರಿ. ನಡುವೆ ಪೀಮಾ ಪಾಯಿಂಟ್ ಬರುತ್ತದೆ. ಅಲ್ಲಿ ಗಾಳಿ ನಿಂತಾಗ ಕಿವಿಗೊಟ್ಟರೆ ಸುಮಾರು ಒಂದು ಮೈಲಿ ಆಳದಲ್ಲಿ ಹರಿಯುವ ಕೊಲರಾಡೊ ನದಿಯ ಸದ್ದು ಕೇಳುತ್ತದೆ. ಅಪ್ಪ ಕಣ್ಣು ಮುಚ್ಚಿಕೊಂಡು ಅದನ್ನು ಎಷ್ಟು ಹೊತ್ತು ಕೇಳಿದರೆಂದರೆ, ಎರಡು ಬಸ್ ಬಂದು ಹೋದವು.

13ರ ಸಂಜೆ ಸೂರ್ಯಾಸ್ತಕ್ಕೆ ಮೊಹಾವೆ ಪಾಯಿಂಟ್‌ನಲ್ಲಿದ್ದೆವು. ಸೂರ್ಯ ಮುಳುಗಿದ ಮೇಲೆ ಅರ್ಧ ಜನ ಹೊರಟುಹೋದರು. ನಾವು ಚಹಾದ ಫ್ಲಾಸ್ಕ್ ಇದೆಯಲ್ಲ ಅಂತ ಕೂತೆವು. ಮುಕ್ಕಾಲು ಗಂಟೆ ಆದ ಮೇಲೆ ಪಶ್ಚಿಮದಲ್ಲಿ, ಆ ವಾರ ಬರಿಗಣ್ಣಿಗೆ ಕಾಣುತ್ತಿದ್ದ ತ್ಸುಚಿನ್‌ಶಾನ್-ಅಟ್ಲಾಸ್ ಧೂಮಕೇತು ಬಾಲದ ಸಮೇತ ಕಂಡಿತು. ಗೊತ್ತಿಲ್ಲದವರಿಗೆ ಗೊತ್ತಿದ್ದವರು ಕೈ ತೋರಿಸಿ ಹೇಳುತ್ತಿದ್ದರು. ಕಾರು ಓಡಿಸಿಕೊಂಡು ಬಂದಿದ್ದರೆ ಕತ್ತಲಾಗುವ ಮುಂಚೆ ಹೊರಡೋಣ ಅಂತ ನಾನೇ ಎಲ್ಲರನ್ನೂ ಎಬ್ಬಿಸುತ್ತಿದ್ದೆ. ಕತ್ತಲಾದ ಮೇಲೂ ಬಸ್ ಸಿಕ್ಕಿತು.

ಮಾರನೇ ದಿನ ಬೆಳಗಿನ ಜಾವ ನಾನೂ ಗಂಡನೂ ಕಣಿವೆಯೊಳಕ್ಕೆ ಇಳಿಯುವ ಸೌತ್ ಕೈಬ್ಯಾಬ್ ಟ್ರೇಲ್‌ಗೆ ಹೋದೆವು. ಅದರ ಬಾಯಿಯಲ್ಲಿ ಸಾರ್ವಜನಿಕರಿಗೆ ಪಾರ್ಕಿಂಗ್ ಇಲ್ಲ, ಬಸ್ಸಿನಲ್ಲೇ ಹೋಗಬೇಕು, ಬೆಳಿಗ್ಗೆ ಬೇಗ ಇಳಿಯುವವರಿಗೆ ಅಂತಲೇ ಒಂದು ಎಕ್ಸ್‌ಪ್ರೆಸ್ ಬಸ್ ಇದೆ. "ಊ ಆ ಪಾಯಿಂಟ್" ಅನ್ನುವ ಜಾಗದವರೆಗೆ ಹೋಗಿ ಬಂದರೆ 1.8 ಮೈಲಿ. ಕೇಳಲು ಕಡಿಮೆ ಅನ್ನಿಸುತ್ತದೆ. ಆದರೆ ನಮ್ಮ ಬೆಟ್ಟಗಳಲ್ಲಿ ಮೊದಲು ಹತ್ತಿ ಆಮೇಲೆ ಇಳಿಯುತ್ತೇವೆ, ಇಲ್ಲಿ ಉಲ್ಟಾ. ಇಳಿಯುವಾಗ ಕಾಲು ತಾನಾಗಿಯೇ ಹೋಗುತ್ತದೆ, ಹತ್ತುವಾಗ ಗೊತ್ತಾಗುತ್ತದೆ. ಇಳಿದದ್ದರ ಎರಡರಷ್ಟು ಸಮಯ ಹತ್ತಲು ಬೇಕು ಅಂತ ಪಾರ್ಕ್‌ನವರೇ ಹೇಳುತ್ತಾರೆ, ಅದು ಅಕ್ಷರಶಃ ನಿಜ. ದಾರಿಯಲ್ಲಿ ನೀರು ಇಲ್ಲ, ಮೇಲೇ ತುಂಬಿಸಿಕೊಳ್ಳಿ.

ನಾವು ವಾಪಸ್ ಬರುವಷ್ಟರಲ್ಲಿ ಅಪ್ಪ ಅಮ್ಮ ತಾವೇ ಕಿತ್ತಳೆ ಬಸ್ ಹತ್ತಿ ಯಾವಪೈ ಜಿಯಾಲಜಿ ಮ್ಯೂಸಿಯಂಗೆ ಹೋಗಿದ್ದರು. ಇಲ್ಲಿಗೆ ಬಂದ ಮೇಲೆ ಅವರಿಬ್ಬರೇ ಹೊರಗೆ ಹೋಗಿದ್ದು ಅದೇ ಮೊದಲು. ಇಲ್ಲಿ ಕಾರು ಓಡಿಸಲು ಬಾರದ ಹಿರಿಯರು ಎಲ್ಲಿಗೆ ಹೋಗಬೇಕಾದರೂ ಮಕ್ಕಳ ದಾರಿ ಕಾಯಬೇಕು, ಅಲ್ವಾ. ಬಸ್ ಸ್ಟಾಪಿನಲ್ಲಿ ಇಳಿದು ನಗುತ್ತಾ ನಿಂತಿದ್ದ ಅವರನ್ನು ನೋಡಿ ನನಗೆ ನಿಜವಾಗಿ ಕಣ್ಣು ತುಂಬಿ ಬಂತು.

ಆ ಮ್ಯೂಸಿಯಂ ಹತ್ತಿರದಿಂದ ಟ್ರೇಲ್ ಆಫ್ ಟೈಮ್ ಅನ್ನುವ ನಡಿಗೆ ದಾರಿ ಇದೆ. ಅಂಚಿನ ಮೇಲೇ, ಸಮತಟ್ಟು. ಒಂದು ಮೀಟರ್ ನಡೆದರೆ ಹತ್ತು ಲಕ್ಷ ವರ್ಷ ಹಿಂದಕ್ಕೆ ಹೋದ ಹಾಗೆ ಲೆಕ್ಕ. ನೆಲದಲ್ಲಿ ಕಂಚಿನ ಗುರುತುಗಳಿವೆ, ಪಕ್ಕದಲ್ಲಿ ಆಯಾ ಕಾಲದ ಕಲ್ಲುಗಳನ್ನು ಕೆಳಗಿನ ಕಣಿವೆಯಿಂದ ತಂದು ಇಟ್ಟಿದ್ದಾರೆ, ಮುಟ್ಟಿ ನೋಡಬಹುದು. ಅಲ್ಲಿಯ ಅತಿ ಹಳೆಯ ಕಲ್ಲು ಸುಮಾರು 184 ಕೋಟಿ ವರ್ಷದ್ದು. ಅಪ್ಪ ದಿನಾ ಲಾಲ್‌ಬಾಗ್‌ನಲ್ಲಿ ವಾಕಿಂಗ್ ಮಾಡುವವರು. "ನಮ್ಮ ಲಾಲ್‌ಬಾಗ್ ಬಂಡೆ ಸುಮಾರು 300 ಕೋಟಿ ವರ್ಷದ್ದಮ್ಮ, ಬೋರ್ಡೇ ಇದೆ" ಅಂದರು. ಹೌದು, ನಾನೂ ಚಿಕ್ಕವಳಿದ್ದಾಗ ಆ ಬೋರ್ಡ್ ಓದಿದ್ದೇನೆ. ಆ ಬಂಡೆಯ ಮೇಲೆ ಕೂತು ಕಡಲೆಕಾಯಿ ತಿನ್ನುವಾಗ ಅದರ ವಯಸ್ಸು ಏನು ಅಂತ ಅರ್ಥವಾಗಿರಲಿಲ್ಲ. ಇಲ್ಲಿ ಮೀಟರ್ ಲೆಕ್ಕದಲ್ಲಿ ನಡೆದಾಗ ಕಾಲಿಗೆ ಅರ್ಥವಾಯಿತು.

ಇನ್ನೊಂದು ಖುಷಿ ಕೊಟ್ಟದ್ದು ಹೆಸರುಗಳು. ಕಣಿವೆಯೊಳಗಿನ ಶಿಖರಗಳಿಗೆ ವಿಷ್ಣು ಟೆಂಪಲ್, ಬ್ರಹ್ಮ ಟೆಂಪಲ್, ಶಿವ ಟೆಂಪಲ್, ಕೃಷ್ಣ ಶ್ರೈನ್, ರಾಮ ಶ್ರೈನ್ ಅಂತೆಲ್ಲ ಹೆಸರಿದೆ. 19ನೇ ಶತಮಾನದ ಕೊನೆಗೆ ಇಲ್ಲಿ ಸರ್ವೆ ಮಾಡಿದ ಕ್ಲಾರೆನ್ಸ್ ಡಟನ್ ಅನ್ನುವ ಭೂವಿಜ್ಞಾನಿ ಈ ಥರ ಪೂರ್ವದೇಶಗಳ ದೇವರ ಹೆಸರು ಇಡುವ ರೂಢಿ ಶುರು ಮಾಡಿದ. ಅವು ದೇವಸ್ಥಾನಗಳಲ್ಲ, ಬರೀ ಬಂಡೆ ಶಿಖರಗಳು. ಆದರೂ ಅಮ್ಮ ಒಂದೊಂದಕ್ಕೂ ಕೈ ಮುಗಿದಳು.

ಅಲ್ಲಿಂದ ಪೇಜ್ ಊರಿನಲ್ಲಿ ಒಂದು ರಾತ್ರಿ. ಕೊಲರಾಡೊ ನದಿ ಕುದುರೆ ಲಾಳದ ಹಾಗೆ ತಿರುಗುವ ಹಾರ್ಸ್‌ಶೂ ಬೆಂಡ್‌ಗೆ ಪಾಸ್ ನಡೆಯುವುದಿಲ್ಲ, ಪಾರ್ಕಿಂಗ್‌ಗೆ 10 ಡಾಲರ್ ಕೊಟ್ಟೆವು, ಹೋಗಿ ಬರಲು ಒಂದೂವರೆ ಮೈಲಿ, ನೆರಳು ಬಹಳ ಕಡಿಮೆ. ಆಂಟಿಲೋಪ್ ಕ್ಯಾನ್ಯನ್ ಅನ್ನುವ ಕಿರಿದಾದ ಬಂಡೆ ಕಣಿವೆ ಇರುವುದು ನವಾಹೊ ಮೂಲನಿವಾಸಿಗಳ ನೆಲದಲ್ಲಿ, ಗೈಡ್ ಇಲ್ಲದೆ ಬಿಡುವುದಿಲ್ಲ. ಎಚ್ಚರ ಬೇಕಾದದ್ದು ಗಡಿಯಾರದ ವಿಷಯದಲ್ಲಿ. ಅರಿಜೋನಾದಲ್ಲಿ ಬೇಸಿಗೆಗೆ ಗಂಟೆ ಮುಂದಕ್ಕೆ ಮಾಡುವುದಿಲ್ಲ, ಆದರೆ ಅರಿಜೋನಾ ಒಳಗೇ ಇರುವ ನವಾಹೊ ನೇಷನ್‌ನಲ್ಲಿ ಮಾಡುತ್ತಾರೆ, ಪಕ್ಕದ ಯೂಟಾದಲ್ಲೂ ಮಾಡುತ್ತಾರೆ. ದಾರಿಯುದ್ದಕ್ಕೂ ಫೋನಿನ ಟೈಮ್ ತಾನಾಗಿ ಒಂದು ಗಂಟೆ ಆಚೆ ಈಚೆ ಹಾರುತ್ತಿತ್ತು. ಏನಾದರೂ ಬುಕ್ ಮಾಡಿದ್ದರೆ ಯಾವ ಊರಿನ ಟೈಮ್ ಅಂತ ಕೇಳಿಕೊಳ್ಳಿ, ಅಪ್ಪನ ಹಾಗೆ ಕೈಗಡಿಯಾರ ಕಟ್ಟಿಕೊಂಡರೆ ಇನ್ನೂ ಒಳ್ಳೆಯದು.

ಈಗ ಜಯಾನ್. ಬಸ್ ವ್ಯವಸ್ಥೆಯಲ್ಲಿ ನನ್ನ ಮಟ್ಟಿಗೆ ಇದೇ ಮೊದಲು, ಐದಕ್ಕೆ ಐದು.

ಕನ್ಯಾಬ್ ಊರಿನ ಕಡೆಯಿಂದ, ಅಂದರೆ ಪೂರ್ವದ ಗೇಟಿನಿಂದ ಬಂದರೆ 1930ರಲ್ಲಿ ಮುಗಿದ 1.1 ಮೈಲಿಯ ಸುರಂಗ ಸಿಗುತ್ತದೆ. ಬೆಟ್ಟದ ಹೊಟ್ಟೆಯೊಳಗೆ ಕತ್ತಲಲ್ಲಿ ಹೋಗುವಾಗ ಬಂಡೆಯಲ್ಲಿ ಕೊರೆದ ಕಿಂಡಿಗಳಿಂದ ಆಗಾಗ ಬೆಳಕು ಬಡಿಯುತ್ತದೆ, ಹೊರಗೆ ಬಂದ ಕೂಡಲೇ ಕೆಂಪು ಗೋಡೆಗಳ ನಡುವೆ ರಸ್ತೆ ಹಾವಿನ ಹಾಗೆ ಇಳಿಯುತ್ತದೆ. ಇಷ್ಟು ಭಾಗ ಕಾರಿನಲ್ಲಿ ನೋಡುವಂಥದ್ದೇ. ಆಮೇಲೆ ಸ್ಪ್ರಿಂಗ್‌ಡೇಲ್‌ ಊರಿನಲ್ಲಿ ರೂಮಿನ ಮುಂದೆ ಕಾರು ನಿಲ್ಲಿಸಿದವರು ಎರಡು ದಿನ ಅದನ್ನು ಮುಟ್ಟಲಿಲ್ಲ. ಆ ಊರಿನಲ್ಲಿ ರೂಮಿನ ಬಾಡಿಗೆ ಜಾಸ್ತಿ. ಆದರೆ ಊರಿನೊಳಗೇ ಒಂದು ಶಟಲ್ ಓಡುತ್ತದೆ, ಅದು ಪಾರ್ಕ್‌ ಬಾಗಿಲಿಗೆ ಬಿಡುತ್ತದೆ, ನಡೆದು ಒಳಗೆ ಹೋಗಿ ಇನ್ನೊಂದು ಬಸ್ ಹತ್ತಿದರೆ ಕಣಿವೆಯ ಕೊನೆಯವರೆಗೆ. ಪಾರ್ಕ್ ಒಳಗಿನ ಪಾರ್ಕಿಂಗ್ ಸೀಸನ್‌ನಲ್ಲಿ ಬೆಳಿಗ್ಗೆ ಬೇಗನೇ ತುಂಬಿಹೋಗುತ್ತದೆ, ಅದಕ್ಕಾಗಿ ಸುತ್ತು ಹೊಡೆಯುವ ಹಿಂಸೆಗಿಂತ ಬಾಡಿಗೆ ಕೊಟ್ಟದ್ದೇ ವಾಸಿ ಅನ್ನಿಸಿತು.

ಈ ಬಸ್ ಶುರುವಾದದ್ದು 2000ನೇ ಇಸವಿಯಲ್ಲಿ. ಅದಕ್ಕೆ ಮುಂಚೆ ಆ ಕಿರಿದಾದ ಕಣಿವೆಯ ರಸ್ತೆಯಲ್ಲಿ ಕಾರುಗಳದೇ ಸಾಲು, ನಿಲ್ಲಿಸಲು ಜಾಗವಿಲ್ಲದೆ ಜನ ಹುಲ್ಲಿನ ಮೇಲೆ, ರಸ್ತೆ ಪಕ್ಕ ಎಲ್ಲೆಂದರಲ್ಲಿ ನಿಲ್ಲಿಸುತ್ತಿದ್ದರು. ಈಗ ಮಾರ್ಚ್‌ನಿಂದ ನವೆಂಬರ್‌ವರೆಗೆ ಒಳಗಿನ ರಸ್ತೆಗೆ ಖಾಸಗಿ ಕಾರು ಇಲ್ಲ. ನಾವು ಹೋಗುವುದಕ್ಕೆ ಸ್ವಲ್ಪ ಮುಂಚೆ, 2024ರ ಸೆಪ್ಟೆಂಬರ್‌ನಲ್ಲಿ, ಪ್ರೊಪೇನ್ ಅನಿಲದಿಂದ ಓಡುವ ಹಳೆಯ ಬಸ್ಸುಗಳನ್ನೆಲ್ಲ ತೆಗೆದು 30 ಎಲೆಕ್ಟ್ರಿಕ್ ಬಸ್ ಹಾಕಿದ್ದರು. ಸದ್ದಿಲ್ಲ, ಹೊಗೆಯಿಲ್ಲ. ಬಸ್ ಇಳಿದು ನಿಂತರೆ ಹೊಳೆಯ ಸದ್ದು, ಹಕ್ಕಿಯ ಸದ್ದು. ಒಂಬತ್ತು ಸ್ಟಾಪ್, ಒಂದು ತುದಿಯಿಂದ ಇನ್ನೊಂದು ತುದಿಗೆ ಮುಕ್ಕಾಲು ಗಂಟೆ. ಐದು ಹತ್ತು ನಿಮಿಷಕ್ಕೊಂದು ಬಸ್ ಬಂತು. ವೀಲ್‌ಚೇರ್ ಹತ್ತುವ ವ್ಯವಸ್ಥೆ ಇದೆ, ಸೈಕಲ್ ತೂಗುಹಾಕಲು ಮುಂದೆ ಸ್ಟ್ಯಾಂಡ್ ಇದೆ. ಬಸ್ಸಿನಲ್ಲಿ ನೀರು ಬಿಟ್ಟು ಬೇರೇನೂ ತಿನ್ನುವ ಕುಡಿಯುವ ಹಾಗಿಲ್ಲ, ಅದು ಒಳ್ಳೆಯದೇ.

ರಜೆಯ ದಿನಗಳಲ್ಲಿ ಮೊದಲ ಸ್ಟಾಪಿನಲ್ಲಿ ಸಾಲು ಉದ್ದವಿರುತ್ತದೆ, ನಿಂತೇ ಹೋಗಬೇಕಾಗಬಹುದು. ವಯಸ್ಸಾದವರಿದ್ದರೆ ಬೆಳಿಗ್ಗೆ ಏಳೂವರೆಗೆಲ್ಲ ಅಲ್ಲಿರಿ. ಸಂಜೆಯ ಕೊನೇ ಬಸ್ ಎಷ್ಟು ಗಂಟೆಗೆ ಅಂತ ಹತ್ತುವಾಗಲೇ ಕೇಳಿಕೊಳ್ಳಿ. ತಪ್ಪಿದರೆ ಏಳೆಂಟು ಮೈಲಿ ಕತ್ತಲಲ್ಲಿ ನಡೆಯಬೇಕು.

ಅಮ್ಮನಿಗೆ ತುಂಬಾ ಹಿಡಿಸಿದ್ದು ಕೊನೆಯ ಸ್ಟಾಪ್, ಟೆಂಪಲ್ ಆಫ್ ಸಿನವಾವ. ಅಲ್ಲಿಂದ ರಿವರ್‌ಸೈಡ್ ವಾಕ್, ಹೋಗಿ ಬರಲು 2.2 ಮೈಲಿ, ಪೂರ್ತಿ ಹಾಸಿದ ದಾರಿ, ಏರು ತುಂಬಾ ಕಡಿಮೆ. ಪಕ್ಕದಲ್ಲೇ ವರ್ಜಿನ್ ಹೊಳೆ. ಎರಡೂ ಕಡೆ ಬಂಡೆ ಗೋಡೆ ಸಾವಿರಾರು ಅಡಿ, ಅದರ ಸಂದಿನಿಂದ ನೀರು ಜಿನುಗಿ ಜರಿಗಿಡಗಳು ತೂಗುತ್ತಿರುತ್ತವೆ. ಅಮ್ಮ ಸಾಗರದ ಕಡೆಯವಳು. ಇಷ್ಟು ದಿನ ಒಣ ಕಲ್ಲು ನೋಡಿ ನೋಡಿ, ಇಲ್ಲಿ ಜರಿಗಿಡ ಕಂಡ ಕೂಡಲೇ "ನಮ್ಮನೆ ಬಾವಿ ಒಳಗೆ ಹೀಗೇ ಇರ್ತಿತ್ತು ಕಣೇ" ಅಂತ ನಿಂತುಬಿಟ್ಟಳು. ಮೇಲೆ ಬಿದ್ದ ಮಳೆನೀರು ಮರಳುಗಲ್ಲಿನೊಳಗೆ ನಿಧಾನಕ್ಕೆ ಇಳಿದು, ಕೆಳಗೆ ನೀರು ಬಿಡದ ಪದರ ಸಿಕ್ಕಾಗ ಪಕ್ಕಕ್ಕೆ ಹೊರಬರುತ್ತದೆ, ಅದಕ್ಕೆ ಸಾವಿರಾರು ವರ್ಷ ಹಿಡಿಯುತ್ತದೆ ಅಂತ ವಿಸಿಟರ್ ಸೆಂಟರ್‌ನಲ್ಲಿ ಓದಿದ್ದೆ, ಅದನ್ನು ಹೇಳಿದೆ. ಅವಳು ಜಿನುಗುವ ಆ ನೀರಿಗೆ ಬೆರಳು ತಾಗಿಸಿ ನೋಡಿದಳು.

ಆ ದಾರಿ ಮುಗಿಯುವಲ್ಲಿ ನ್ಯಾರೋಸ್ ಅನ್ನುವ ಕಿರುಕಣಿವೆ ಶುರು. ಅಲ್ಲಿಂದ ಮುಂದೆ ಹೊಳೆಯೇ ದಾರಿ. ಅಪ್ಪ ಅಮ್ಮ ದಡದ ಬಂಡೆ ಮೇಲೆ ಕೂತರು, ನಾವಿಬ್ಬರು ಸ್ಪ್ರಿಂಗ್‌ಡೇಲ್‌ನಲ್ಲಿ ಬಾಡಿಗೆಗೆ ತಂದ ಶೂ, ದಪ್ಪ ಸಾಕ್ಸ್, ಉದ್ದ ಕೋಲು ಹಿಡಿದು ನೀರಿಗಿಳಿದೆವು. ಶೂ ಬಾಡಿಗೆ ದಂಡ ಅಂತ ಮೊದಲು ಅನ್ನಿಸಿತ್ತು. ಆದರೆ ಅಕ್ಟೋಬರ್ ನೀರು ಕೊರೆಯುತ್ತದೆ, ತಳದಲ್ಲಿ ಗುಂಡುಕಲ್ಲುಗಳು ಜಾರುತ್ತವೆ, ಕೋಲಿಲ್ಲದೆ ಬಂದವರು ಬೀಳುವುದನ್ನು ಕಣ್ಣಾರೆ ನೋಡಿದೆ. ದುಡ್ಡು ಕೊಡಿ, ತಗೊಳ್ಳಿ. ನೀರಿನಲ್ಲಿ ವಿಷಕಾರಿ ಪಾಚಿಯಂಥ ಬ್ಯಾಕ್ಟೀರಿಯಾ ಇರಬಹುದು, ತಲೆ ಮುಳುಗಿಸಬೇಡಿ, ಕುಡಿಯಬೇಡಿ ಅಂತ ಎಚ್ಚರಿಕೆ ಇತ್ತು. ಇನ್ನೂ ದೊಡ್ಡ ವಿಷಯ ದಿಢೀರ್ ಪ್ರವಾಹ. ನಿಮ್ಮ ತಲೆ ಮೇಲೆ ನೀಲಿ ಆಕಾಶ ಇರಬಹುದು. ಮೈಲಿಗಟ್ಟಲೆ ಆಚೆ ಮಳೆ ಬಿದ್ದರೂ ಬೋಳು ಬಂಡೆ ನೀರನ್ನು ಹೀರುವುದಿಲ್ಲ, ಅಷ್ಟೂ ಓಡಿ ಬಂದು ಈ ಕಿರುಕಣಿವೆಗೆ ನುಗ್ಗುತ್ತದೆ, ಅಲ್ಲಿ ಹತ್ತಿಕೊಳ್ಳಲು ಜಾಗ ಇಲ್ಲ. ಹೊಳೆಯ ಹರಿವು ಸೆಕೆಂಡಿಗೆ 150 ಘನ ಅಡಿ ದಾಟಿದರೆ ದಾರಿಯನ್ನೇ ಮುಚ್ಚುತ್ತಾರೆ. ಬೆಳಿಗ್ಗೆ ರೇಂಜರ್ ಹತ್ತಿರ ಕೇಳದೆ ಇಳಿಯಬೇಡಿ. ಇದನ್ನು ನಾನು ಕೈ ಮುಗಿದು ಹೇಳುತ್ತೇನೆ, ಇಲ್ಲಿ ಜೀವ ಹೋದವರಿದ್ದಾರೆ.

ಏಂಜಲ್ಸ್ ಲ್ಯಾಂಡಿಂಗ್ ಅನ್ನುವ ಕಡಿದಾದ ಬಂಡೆ ಶಿಖರ ನಾವು ಹತ್ತಲಿಲ್ಲ. ಸರಪಳಿ ಹಿಡಿದು ಹತ್ತುವ ಆ ಭಾಗಕ್ಕೆ 2022ರ ಏಪ್ರಿಲ್‌ನಿಂದ ಪರ್ಮಿಟ್ ಬೇಕು, ಲಾಟರಿಯಲ್ಲಿ ಸಿಗಬೇಕು. ನಮಗೆ ಸಿಗಲಿಲ್ಲ.

16ರ ರಾತ್ರಿ ಊಟ ಮುಗಿಸಿ ಸ್ಪ್ರಿಂಗ್‌ಡೇಲ್ ಬೀದಿಯಲ್ಲಿ ಸುಮ್ನೆ ನಡೆಯುತ್ತಿದ್ದೆವು. ಬೆಟ್ಟ ಎತ್ತರವಾದ್ದರಿಂದ ಚಂದ್ರ ತಡವಾಗಿ ಬಂದ, ಆದರೆ ಅದಕ್ಕೂ ಮೊದಲೇ ಎದುರಿನ ಬಂಡೆಯ ನೆತ್ತಿ ಬೆಳ್ಳಗಾಗಿ, ಬೆಳಕು ಮೇಲಿನಿಂದ ಕೆಳಕ್ಕೆ ಇಳಿಯುತ್ತಾ ಬಂತು. ಅಮ್ಮ "ನಾಳೆ ಭೂಮಿ ಹುಣ್ಣಿಮೆ" ಅಂದಳು. ಅವಳ ತವರಿನಲ್ಲಿ ಬಸಿರಾದ ಗದ್ದೆಗೆ ಬಯಕೆಯೂಟ ಬಡಿಸುವ ದಿನ. ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆಯುವುದು, ಬೆಳಗಿನ ಜಾವ ಗದ್ದೆಗೆ ಹೋಗುವುದು, ಎಲ್ಲ ಹೇಳುತ್ತಾ ನಡೆದಳು. ನನಗೆ ಅದರಲ್ಲಿ ಅರ್ಧ ಗೊತ್ತೇ ಇರಲಿಲ್ಲ. ಕಾರಿನಲ್ಲಿ ಏಳು ಗಂಟೆ ಕೂತು ಬಂದ ದಿನ ಯಾರಿಗೂ ಇಷ್ಟು ಮಾತಾಡುವ ಶಕ್ತಿ ಇರುವುದಿಲ್ಲ.

ಬ್ರೈಸ್‌ಗೆ ಎರಡು ಗಂಟೆಯ ದಾರಿ. ನಡುವೆ ಒಂದು ಹೋಟೆಲ್‌ನಲ್ಲಿ ತರಕಾರಿ ಸೂಪ್ ಅಂತ ಕೇಳಿ ತರಿಸಿದ್ದರಲ್ಲಿ ಕೋಳಿ ಚೂರು ಸಿಕ್ಕಿತು. ಆಮೇಲೆ ಅಮ್ಮ ಹೊರಗಿನದೇನೂ ಮುಟ್ಟಲಿಲ್ಲ, ಕುಕ್ಕರಿನ ಮೊಸರನ್ನವೇ ಗತಿಯಾಯಿತು. ಸಸ್ಯಾಹಾರಿಗಳು ಸೂಪಿನ ಕಟ್ಟು ಯಾವುದರದ್ದು ಅಂತಲೂ ಬಿಡಿಸಿ ಕೇಳಿ.

ಬ್ರೈಸ್‌ನ ಅಂಚು 8000 ಅಡಿಯ ಮೇಲೆ. 17ರಂದು ಚಳಿಗಾಳಿ ಎದ್ದು ಎಲ್ಲರೂ ಟೋಪಿ, ಕೈಗವಸು ಹಾಕಿಕೊಂಡೆವು. ಹೆಸರು ಕ್ಯಾನ್ಯನ್ ಆದರೂ ಇದು ನದಿ ಕೊರೆದ ಕಣಿವೆ ಅಲ್ಲ. ಹಗಲು ಕರಗಿದ ನೀರು ಕಲ್ಲಿನ ಬಿರುಕಿಗೆ ಇಳಿದು ರಾತ್ರಿ ಹೆಪ್ಪುಗಟ್ಟುತ್ತದೆ, ಹಿಗ್ಗಿ ಕಲ್ಲನ್ನು ಸೀಳುತ್ತದೆ. ವರ್ಷದ ಅರ್ಧದಷ್ಟು ದಿನ ಹೀಗೇ ನಡೆದು ಈ ಕಂಬಗಳಾಗಿವೆ. ಹೂಡೂ ಅನ್ನುತ್ತಾರೆ. ಮನುಷ್ಯರ ಹಾಗೆ ಕಾಣುತ್ತಿದ್ದ ಜೀವಿಗಳನ್ನು ಕಯೋಟಿ (ತೋಳದ ಜಾತಿಯ ಪ್ರಾಣಿ, ಕಥೆಯಲ್ಲಿ ಮಾಯಾವಿ) ಶಾಪ ಕೊಟ್ಟು ಕಲ್ಲಾಗಿಸಿದ ಅಂತ ಇಲ್ಲಿಯ ಮೂಲನಿವಾಸಿಗಳಾದ ಪೈಯೂಟ್ ಜನ ಕಥೆ ಹೇಳುತ್ತಾರೆ. "ಅಹಲ್ಯೆ ಥರ" ಅಂದಳು ಅಮ್ಮ. ನಿಜ, ಸಾಲಾಗಿ ನಿಂತ ಜನರ ಹಾಗೇ ಕಾಣುತ್ತವೆ.

ಇಲ್ಲಿಯ ಬಸ್ಸಿಗೆ ನಾನು ಮೂರೂವರೆ ಕೊಡುತ್ತೇನೆ. ಸೇವೆ ಚೆನ್ನಾಗಿದೆ. ಆದರೆ ಹತ್ತಲೇಬೇಕು ಅಂತಿಲ್ಲ, ಕಾರೂ ಬಿಡುತ್ತಾರೆ, ಹಾಗಾಗಿ ವ್ಯೂಪಾಯಿಂಟ್‌ಗಳಲ್ಲಿ ಕಾರಿನ ಗಲಾಟೆ ಉಳಿದಿದೆ. ದಕ್ಷಿಣದ ತುದಿ ರೇನ್‌ಬೋ ಪಾಯಿಂಟ್‌ಗೆ ಈ ಮಾಮೂಲಿ ಬಸ್ ಹೋಗುವುದಿಲ್ಲ, ಅಲ್ಲಿಗೆ 18 ಮೈಲಿ ಸ್ವಂತ ಕಾರಿನಲ್ಲೇ ಹೋಗಿ ಬಂದೆವು. ಚಳಿಗಾಲದಲ್ಲಿ ಬಸ್ಸೇ ಇರುವುದಿಲ್ಲ. ಸನ್‌ರೈಸ್ ಪಾಯಿಂಟ್‌ನಲ್ಲಿ ಇಳಿದು ಸನ್‌ಸೆಟ್ ಪಾಯಿಂಟ್‌ವರೆಗೆ ಅಂಚಿನ ಮೇಲೆ ಅರ್ಧ ಮೈಲಿ ಹಾಸಿದ ದಾರಿ, ಅದು ಅಮ್ಮನದ್ದು. ಅಪ್ಪ ನಮ್ಮ ಜೊತೆ ಕ್ವೀನ್ಸ್ ಗಾರ್ಡನ್‌ಗೆ ಇಳಿದು ನವಾಹೊ ಲೂಪ್‌ನಲ್ಲಿ ಹತ್ತಿದರು, ಸುಮಾರು ಮೂರು ಮೈಲಿ, 600 ಅಡಿ ಏರು. ಎತ್ತರಕ್ಕೆ ಉಸಿರು ಬೇಗ ಕಟ್ಟುತ್ತದೆ, ಪ್ರತಿ ತಿರುವಿಗೂ ನಿಂತೆವು, ಎರಡೂಮುಕ್ಕಾಲು ಗಂಟೆ ಹಿಡಿಯಿತು. ಮೇಲೆ ಸನ್‌ಸೆಟ್ ಪಾಯಿಂಟ್‌ನಲ್ಲಿ ಅಮ್ಮ ಶಾಲು ಹೊದ್ದು ಕಾಯುತ್ತಿದ್ದಳು, ಬಸ್ಸಿನಲ್ಲಿ ಒಂದು ಸುತ್ತು ಹೋಗಿ ಬಂದಿದ್ದಳಂತೆ, ಒಬ್ಬಳೇ.

ಗ್ರ್ಯಾಂಡ್ ಕ್ಯಾನ್ಯನ್ ಬಸ್ಸಿಗೆ ನಾಲ್ಕು. ಆ ವಾಪಸ್ ಸ್ಟಾಪುಗಳ ಗೊಂದಲಕ್ಕೆ ಒಂದು ಕಳೆದಿದ್ದೇನೆ.

ಈಗ ಹೋಗುವವರಿಗೆ ದುಡ್ಡಿನ ಲೆಕ್ಕ ಬದಲಾಗಿದೆ. 2026ರ ಜನವರಿಯಿಂದ ಅಮೆರಿಕದ ನಿವಾಸಿಗಳಿಗೆ ವಾರ್ಷಿಕ ಪಾಸ್ 80 ಡಾಲರ್, ಹೊರದೇಶದವರಿಗೆ 250. ಪಾಸ್ ಇಲ್ಲದ ಹೊರದೇಶದವರು 16 ವರ್ಷ ತುಂಬಿದ್ದರೆ ಹನ್ನೊಂದು ದೊಡ್ಡ ಪಾರ್ಕ್‌ಗಳಲ್ಲಿ ತಲಾ 100 ಡಾಲರ್ ಹೆಚ್ಚಿಗೆ ಕೊಡಬೇಕು, ಈ ಮೂರೂ ಅದರಲ್ಲಿ ಸೇರಿವೆ. ಊರಿಂದ ಬಂದವರು ಜೊತೆಗಿದ್ದರೆ ಹೊರಡುವ ಮುಂಚೆ ಪಾರ್ಕ್ ಸರ್ವೀಸಿನ ಪುಟದಲ್ಲಿ ನಿಯಮ ಪೂರ್ತಿ ಓದಿಕೊಳ್ಳಿ, ಗುರುತಿನ ಚೀಟಿ ಇಟ್ಟುಕೊಳ್ಳಿ. ಬಸ್ ವೇಳಾಪಟ್ಟಿಯೂ ಅಲ್ಲೇ ಇರುತ್ತದೆ.

ಮುಂದಿನ ಸಲ ಅವರು ಬಂದಾಗ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಯೊಸೆಮಿಟಿ ಪಾರ್ಕ್ ಅಂತ ಮಾತಾಗಿದೆ. ಅಲ್ಲಿಯ ಕಣಿವೆಯಲ್ಲೂ ಫ್ರೀ ಶಟಲ್ ಇದೆ, ಆ ಹೊತ್ತಿಗೆ ಹಿಮ ಕರಗಿ ಜಲಪಾತಕ್ಕೆ ನೀರು ಚೆನ್ನಾಗಿರುತ್ತದೆ. ಫೋನಿನಲ್ಲಿ ಅಮ್ಮ ಮೊದಲು ಕೇಳಿದ್ದು "ಬಸ್ ಸ್ಟಾಪಿನಿಂದ ಎಷ್ಟು ದೂರ ನಡೀಬೇಕು?" ಎರಡನೆಯದು "ಜೋಗಕ್ಕಿಂತ ದೊಡ್ಡದಾ?" ಜೋಗ 830 ಅಡಿ, ಯೊಸೆಮಿಟಿ ಜಲಪಾತ ಮೂರು ಹಂತ ಸೇರಿ 2425 ಅಡಿ ಅಂದೆ. ಅವಳು ನಂಬಲಿಲ್ಲ. ನೋಡಿ ಹೇಳುತ್ತೇನೆ ಅಂದಿದ್ದಾಳೆ.